ಸಿಟ್ಟಿನಲ್ಲಿ ಕೊಯ್ದ ಮೂಗು

‘ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೆ?’ ಎಂಬ ಗಾದೆಯನ್ನು ನಾವು ಸಾಮಾನ್ಯವಾಗಿ ಅನರ್ಥವು ಘಟಿಸಿದ ಅನಂತರವೇ ಉಚ್ಚರಿಸುತ್ತೇವೆ. ಆಟದ ಬಯಲಿನಲ್ಲಿ ಗೆಳೆಯನ ಹಣೆಗೆ ಕಲ್ಲೆಸೆದು, ತಾನೇ ಬೆದರಿ ನಡುಗುತ್ತ ನಿಂತ ಬಾಲಕನಿಗೆ ಅದನ್ನು ಹೇಳಿ, ನೀತಿಬೋಧೆ ಮಾಡಿದೆವೆಂದು ತೃಪ್ತರಾಗುತ್ತೇವೆ. ಅಷ್ಟು ಹೊತ್ತಿಗೆ ಅದು ದಂಡನೆಯ ಮಾತಾಗಿಬಿಟ್ಟಿರುತ್ತದೆ. ಗಾದೆಯ ಆಶಯವಾದರೋ ಕೊಯ್ಯುವುದಕ್ಕೆ ಮುಂಚಿನ ಗಳಿಗೆಯ ಮೇಲೆ ನೆಟ್ಟಿದೆ: ಎದೆ ಡವಗುಟ್ಟಿ, ಕಿವಿ ಬಿಸಿಯಾಗಿ, ಮುಷ್ಟಿ ತಾನಾಗಿ ಬಿಗಿದುಕೊಳ್ಳುವ ಆ ಅಲ್ಪಾವಧಿಯಲ್ಲಿ ‘ನನಗೆ ಸಿಟ್ಟು ಬರುತ್ತಿದೆ’ ಎಂದು ಗುರುತಿಸಬಲ್ಲ ಮಗುವು ಎತ್ತಿದ ಕೈಯನ್ನು ಇಳಿಸಬಲ್ಲುದು. ಆವೇಗವನ್ನು ತಡೆಯುವ ಮಿದುಳಿನ ಮುಂಭಾಗವು ಇಪ್ಪತ್ತು ವರ್ಷ ದಾಟಿದ ಮೇಲೂ ಪಕ್ವವಾಗುತ್ತಲೇ ಇರುವುದಾದುದರಿಂದ, ಎಂಟು ವರ್ಷದ ಕೂಸಿನಲ್ಲಿ ಉಪದೇಶಮಾತ್ರದಿಂದ ಸಂಯಮವನ್ನು ನಿರೀಕ್ಷಿಸುವುದು ನ್ಯಾಯವಲ್ಲ. ಅದು ಅಭ್ಯಾಸದಿಂದ ಬರಬೇಕು. ಆ ಅಭ್ಯಾಸವು, ಈಜು ಕಲಿಯುವವನು ಪ್ರವಾಹವಿಲ್ಲದ ದಿನ ನೀರಿಗಿಳಿಯುವಂತೆ, ಮನಸ್ಸು ತಿಳಿಯಾಗಿರುವ ವೇಳೆಯಲ್ಲಿಯೇ ನಡೆಯಬೇಕು.

ದೆಹಲಿಯ ಸರ್ಕಾರಿ ಶಾಲೆಗಳಲ್ಲಿ 2018ರ ಜುಲೈ ತಿಂಗಳಲ್ಲಿ ಆರಂಭವಾದ ‘ಹ್ಯಾಪಿನೆಸ್’ ಪಠ್ಯಕ್ರಮವು ಈ ದೃಷ್ಟಿಯಿಂದ ಗಮನಾರ್ಹವಾದುದು. ನರ್ಸರಿಯಿಂದ ಎಂಟನೆಯ ತರಗತಿಯವರೆಗಿನ ಮಕ್ಕಳು ಕೆಲವು ನಿಮಿಷ ಉಸಿರಿನ ಮೇಲೆ ಗಮನವಿಟ್ಟು ಕುಳಿತು, ಕಥೆಯೊಂದನ್ನು ಕೇಳಿ, ತಮಗನಿಸಿದುದನ್ನು ಹೇಳುವಂತೆ ರೂಪಿಸಿದ ಆ ಪಾಠಕ್ಕೆ ಪರೀಕ್ಷೆಯನ್ನು ಇಡಲಿಲ್ಲ. ಅದು ಉಚಿತವೇ ಸರಿ. ದುಃಖಕ್ಕೂ ಭಯಕ್ಕೂ ಅಂಕ ಕೊಡತೊಡಗಿದರೆ ಮಕ್ಕಳು ಮೇಷ್ಟರು ಮೆಚ್ಚುವ ಉತ್ತರವನ್ನು ಬಾಯಿಪಾಠ ಮಾಡಿಯಾರು, ತಮ್ಮ ಅಳಲನ್ನು ಹೇಳಲಾರರು.

ಗಾದೆಯು ಕೊಯ್ದವನು ಯಾರೆಂದು ಹೇಳುವುದಿಲ್ಲ. ನನಗೆ ಅತ್ಯಂತ ಮುಖ್ಯವಾಗಿ ತೋರುವುದು ಇದೇ. ಲೆಕ್ಕ ತಪ್ಪಿದ ಹುಡುಗಿಯನ್ನು ಸಹಪಾಠಿಗಳೆದುರು ‘ದಡ್ಡಿ’ ಎಂದು ಜರೆದ ಉಪಾಧ್ಯಾಯರ ಕೋಪವು ಸಂಜೆಯೊಳಗೆ ಇಳಿದೀತು. ಮರುದಿನ ಕೈಯೆತ್ತಿ ಪ್ರಶ್ನೆ ಕೇಳುವ ಧೈರ್ಯವು ಅವಳಿಗೆ ಅಷ್ಟು ಸುಲಭವಾಗಿ ಮರಳದು. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಪ್ರಕರಣವು ದೈಹಿಕ ಶಿಕ್ಷೆಯೊಡನೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಆದರೆ ನಲವತ್ತು ಮಕ್ಕಳ ಗದ್ದಲದ ನಡುವೆ ತಮ್ಮ ಕೋಪವನ್ನು ನಿಗ್ರಹಿಸುವ ವಿದ್ಯೆಯನ್ನು ಉಪಾಧ್ಯಾಯರಿಗೆ ಕಲಿಸಿದವರಾರು? ಮನಸ್ಸಿನ ಆರೋಗ್ಯವನ್ನು ಪ್ರಾಥಮಿಕ ಶಾಲೆಯ ಪಾಠವಾಗಿಸಬಯಸುವ ಅಧಿಕಾರಿಗಳು ಪುಸ್ತಕಗಳನ್ನು ಅಚ್ಚುಹಾಕಿಸುವುದಕ್ಕಿಂತ ಮೊದಲು ಉಪಾಧ್ಯಾಯರಿಗೆ ಆ ಶಿಕ್ಷಣವನ್ನು ಕೊಡಲಿ; ಗಣತಿ, ಚುನಾವಣೆಗಳ ಹೊರೆಯನ್ನು ಅವರ ಹೆಗಲಿನಿಂದ ಇಳಿಸಲಿ.