ಅಳತೆಯೂ ಆಚಾರವೇ

ಶರಣಧರ್ಮದಲ್ಲಿ ಕಾಯವು ಹೇಯವಾದ ವಸ್ತುವಲ್ಲ. ಇಷ್ಟಲಿಂಗವನ್ನು ಧರಿಸುವ ಅಂಗವಾದುದರಿಂದ ಅದು ಶಿವನ ಆಲಯವೆಂದೇ ಗಣಿಸಲ್ಪಟ್ಟಿದೆ. ಆಲಯವು ಶಿಥಿಲವಾದಾಗ ಅದರ ಜೀರ್ಣೋದ್ಧಾರವು ಭಕ್ತನ ಕರ್ತವ್ಯವಾಗಿರುವಂತೆ, ವ್ಯಾಧಿಗೆ ಸಿಲುಕಿದ ಕಾಯದ ರಕ್ಷಣೆಯೂ ಕರ್ತವ್ಯವೇ ಸರಿ. ವಚನಕಾರರ ಗಣದಲ್ಲಿ ವೈದ್ಯ ಸಂಗಣ್ಣನೆಂಬ ಶರಣನಿದ್ದನು. ರೋಗಿಗಳ ಚಿಕಿತ್ಸೆಯೇ ಆತನ ಕಾಯಕ. ವೈದ್ಯವನ್ನು ಕಾಯಕವೆಂದು ಮನ್ನಿಸಿದ ಧರ್ಮದಲ್ಲಿ ಔಷಧಸೇವನೆಯು ಭಕ್ತಿಯ ಕೊರತೆಯೆಂದು ಎಣಿಸುವುದಕ್ಕೆ ಎಡೆಯೆಲ್ಲಿದೆ?

ಕೊರಳಿನ ಬುಡದಲ್ಲಿ, ಶಿವದಾರವು ಇಳಿದುಬರುವ ಎಡೆಯ ಬಳಿಯಲ್ಲಿಯೇ, ಥೈರಾಯ್ಡ್ ಎಂಬ ಚಿಕ್ಕ ಗ್ರಂಥಿಯಿರುವುದು. ಇದಕ್ಕೆ ಅರ್ಬುದ, ಅಂದರೆ ಕ್ಯಾನ್ಸರ್ ರೋಗ ತಗುಲಿದಾಗ ಶಸ್ತ್ರಚಿಕಿತ್ಸೆಯಿಂದ ಗ್ರಂಥಿಯನ್ನು ತೆಗೆಯುವರು. ಸಕಾಲದಲ್ಲಿ ಚಿಕಿತ್ಸೆ ದೊರೆತರೆ ಬಹುಮಂದಿ ಗುಣಹೊಂದುವರು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಕಡೆಯಿಂದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೋ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಗೋ ಹೋಗಿ ಮರಳಿದವರನ್ನು ಕಂಡು ಊರವರು, ‘ಶಿವನು ಪಾರುಮಾಡಿದನು’ ಎಂದು ಹರ್ಷಿಸುವರು. ಆದರೆ ಒಂದು ಸಂಕಟವು ಆ ಬಳಿಕವೇ ಮೊದಲಾಗುವುದುಂಟು. ಇಂಡಿಯ ನಿಂಬೆಯ ತೋಟದಲ್ಲಿ ದಿನವಿಡೀ ಕಾಯಿ ಆಯುತ್ತಿದ್ದ ತಾಯಿಗೆ ಎರಡು ಬುಟ್ಟಿ ತುಂಬುವಷ್ಟರಲ್ಲಿ ಕಾಲು ಸೋಲುವುದು. ಸಿಂದಗಿಯ ರೈತನಿಗೆ ಜೋಳದ ಹೊಲದ ಬದುವಿನವರೆಗೆ ನಡೆಯುವುದೇ ಭಾರವೆನಿಸುವುದು. ಹೊರಗೆ ಗಾಯವಿಲ್ಲ, ಜ್ವರವಿಲ್ಲ, ಮನೆಯವರು ಮೈಗಳ್ಳತನವೆನ್ನುವರು. ಅದಕ್ಕಿಂತ ಕಠೋರವಾದ ಮಾತು ರೋಗಿಯ ಒಳಗಿನಿಂದಲೇ ಹುಟ್ಟುವುದು: ‘ಕಾಯಕವು ಕುಂದಿದ ಮೇಲೆ ನಾನು ಶರಣನೆಂತು?’

ಈ ಬಳಲಿಕೆಗೆ ಕಾರಣವಿದೆ. ಆ ಗ್ರಂಥಿಯ ರಸವು ಮೈಯ ಉಷ್ಣ, ಎದೆಯ ಬಡಿತ, ಮನಸ್ಸಿನ ಚುರುಕು ಇವೆಲ್ಲವನ್ನೂ ನಡೆಸುವುದು. ಗ್ರಂಥಿಯನ್ನು ಪೂರ್ಣವಾಗಿ ತೆಗೆದರೆ ರೋಗಿಯು ಮಂದನಾಗುವನೆಂಬುದನ್ನು ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯ ಕೋಖರನು ಕಂಡುಕೊಂಡನು. ಈ ಗ್ರಂಥಿಯ ಕುರಿತಾದ ಕಾರ್ಯಕ್ಕಾಗಿ 1909ರಲ್ಲಿ ಆತನಿಗೆ ನೊಬೆಲ್ ಪಾರಿತೋಷಕ ಸಂದಿತು. 1914ರಲ್ಲಿ ಅಮೇರಿಕದ ಕೆಂಡಾಲನು ಆ ರಸದ ಸಾರವಾದ ಥೈರಾಕ್ಸಿನ್ನನ್ನು ಬೇರ್ಪಡಿಸಿದನು. ಇಂದು ಅದರ ಸ್ಥಾನದಲ್ಲಿ ಲಿವೊಥೈರಾಕ್ಸಿನ್ ಗುಳಿಗೆಯುಂಟು. ಅದರ ತೂಕವು ಮೈಕ್ರೋಗ್ರಾಮಿನಲ್ಲಿ. ಗ್ರಾಮಿನ ಹತ್ತು ಲಕ್ಷದಲ್ಲೊಂದು ಪಾಲಿಗೆ ಆ ಹೆಸರು. ಪ್ರಮಾಣ ಕಡಿಮೆಯಾದರೆ ಆಯಾಸ, ಚಳಿ, ಮಲಬದ್ಧತೆ, ಮರೆವು. ಹೆಚ್ಚಾದರೆ ಎದೆ ಡವಗುಟ್ಟುವುದು, ಕೈ ನಡುಗುವುದು, ನಿದ್ರೆ ಹಾರುವುದು, ಅದರಿಂದಲೂ ಬಳಲಿಕೆಯೇ. ಉಳಿದಿರಬಹುದಾದ ರೋಗಕಣಗಳು ಬೆಳೆಯದಿರಲೆಂದು ವೈದ್ಯರು ಕೆಲವರಿಗೆ ಬೇಕೆಂದೇ ತುಸು ಹೆಚ್ಚಿನ ಪ್ರಮಾಣವನ್ನಿತ್ತು, ಕಾಲಕ್ರಮದಲ್ಲಿ ಇಳಿಸುವರು. ಪ್ರಮಾಣ ಬದಲಾದ ಮೇಲೆ ರಕ್ತದಲ್ಲಿ ಹೊಸ ಸಮತೆ ನೆಲೆಗೊಳ್ಳಲು 6ರಿಂದ 8 ವಾರಗಳು ಬೇಕು. ಆಗಲೇ ಟಿಎಸ್‌ಎಚ್ ಪರೀಕ್ಷೆಯನ್ನು ಮಾಡುವರು. ಎರಡು ಮೂರು ಸಲ ಗುಳಿಗೆ ಬದಲಾದರೆ ಅದು ವೈದ್ಯನ ತಪ್ಪೂ ಅಲ್ಲ, ರೋಗಿಯ ಪಾಪವೂ ಅಲ್ಲ. ಅಳತೆಯನ್ನು ಹುಡುಕುವ ಕ್ರಮವೇ ಅದು.

ಅಳತೆಯ ಮರ್ಮವನ್ನು ಬಲ್ಲವಳು ಆಯ್ದಕ್ಕಿ ಲಕ್ಕಮ್ಮ. ಮಾರಯ್ಯನು ಕಲ್ಯಾಣದ ಅಂಗಳಗಳಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದನು. ಒಮ್ಮೆ ಆತನು ಅನುಭಾವದ ಮಾತಿನಲ್ಲಿ ಮೈಮರೆತಾಗ ಲಕ್ಕಮ್ಮನು ಕಾಯಕವನ್ನು ನೆನಪಿಸಿ ಎಬ್ಬಿಸಿ ಕಳುಹಿದಳು. ಮತ್ತೊಮ್ಮೆ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದಳು. ಕಡಿಮೆಯಾದುದನ್ನು ಒಪ್ಪದ ಆಕೆ ಹೆಚ್ಚಾದುದನ್ನೂ ಒಪ್ಪಲಿಲ್ಲ. ಕಾಯಕವೆಂದರೆ ದುಡಿಮೆಯ ರಾಶಿಯಲ್ಲ, ಅಂದಂದಿನ ಅಳತೆಯ ಸತ್ಯಶುದ್ಧತೆ. ಇಂದಿನ ಶಕ್ತಿ ಎರಡು ಬುಟ್ಟಿಯಷ್ಟೇ ಇದ್ದರೆ ಎರಡು ಬುಟ್ಟಿಯೇ ಪೂರ್ಣ ಕಾಯಕ. ನಾಲ್ಕನೆಯ ಬುಟ್ಟಿಗೆ ಹಟ ಹಿಡಿದು ಮೂರು ದಿನ ಮಲಗುವುದು ಲಕ್ಕಮ್ಮನು ಹಿಂದಿರುಗಿಸಿದ ಅಕ್ಕಿಯಂತೆ. ಆದರೆ ಬಳಲಿಕೆಯ ನೆಪದಲ್ಲಿ ಪೂರ್ತಿ ಹಾಸಿಗೆ ಹಿಡಿಯುವುದೂ ಸಲ್ಲದು. ದಿನಕ್ಕಿಷ್ಟು ನಡಿಗೆ, ಇಷ್ಟು ವಿಶ್ರಾಂತಿ ಎಂದು ನಿಯಮಿಸಿಕೊಂಡು ಮೆಲ್ಲನೆ ಹೆಚ್ಚಿಸಿಕೊಳ್ಳತಕ್ಕದ್ದು.

ಗುಳಿಗೆಯ ನಿಯಮವು ಭಕ್ತನ ನಿತ್ಯಕರ್ಮಕ್ಕೆ ಸಹಜವಾಗಿ ಹೊಂದುವುದು. ಅದನ್ನು ಬರಿಹೊಟ್ಟೆಯಲ್ಲಿ ನೀರಿನೊಡನೆ ನುಂಗಿ, ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ಚಹ, ಹಾಲು, ಆಹಾರವನ್ನು ತ್ಯಜಿಸಬೇಕು. ಏಳುತ್ತಲೇ ಗುಳಿಗೆ, ಬಳಿಕ ಸ್ನಾನ, ಲಿಂಗಪೂಜೆ, ಆಮೇಲೆ ಪ್ರಸಾದ ಎಂದಿಟ್ಟುಕೊಂಡರೆ ಆ ಅವಧಿಯು ಪೂಜೆಯಲ್ಲಿಯೇ ಸಾರ್ಥಕವಾಗುವುದು. ಸುಣ್ಣದಂಶದ ಮತ್ತು ಕಬ್ಬಿಣಾಂಶದ ಗುಳಿಗೆಗಳಿದ್ದರೆ 4 ಗಂಟೆಗಳ ಅಂತರವಿರಲಿ. ಶ್ರಾವಣ ಸೋಮವಾರದ ಉಪವಾಸದಂದು ಕೆಲವರು ಗುಳಿಗೆಯನ್ನೂ ಬಿಡುವರು, ಇದು ತಪ್ಪು. ಔಷಧವು ಅನ್ನವಲ್ಲ. ತುಸು ಚೇತರಿಸಿದೊಡನೆ ತಾವೇ ನಿಲ್ಲಿಸುವುದಾಗಲಿ, ಬಳಲಿಕೆ ಬೇಗ ಹೋಗಲೆಂದು ಎರಡೆರಡು ನುಂಗುವುದಾಗಲಿ ಕೂಡದು. ಗುಳಿಗೆ ಸರಿಯಾಗಿಯೂ ಆಯಾಸ ನೀಗದಿದ್ದರೆ ರಕ್ತಹೀನತೆ, ನಿದ್ರಾಭಂಗ, ಮನೋವ್ಯಥೆ ಮುಂತಾದ ಬೇರೆ ಕಾರಣಗಳಿರಬಹುದು; ಅದನ್ನು ವೈದ್ಯರಲ್ಲಿ ಬಾಯಿಬಿಟ್ಟು ಹೇಳಬೇಕು. ಬೆರಳು, ತುಟಿ ಜುಮ್ಮೆಂದು ಮೈ ಸೆಳೆತ ಬಂದರೂ, ಎದೆಬಡಿತ ತಪ್ಪಿದರೂ ತಡಮಾಡಲಾಗದು.

ಕೆಲವರಿಗೆ ಶಸ್ತ್ರಚಿಕಿತ್ಸೆಯ ಬಳಿಕ ವಿಕಿರಣವುಳ್ಳ ಅಯೋಡಿನ್ ಕೊಡುವರು. ಅದಕ್ಕೆ ಮೊದಲು ಹಲವು ವಾರ ಗುಳಿಗೆಯನ್ನು ನಿಲ್ಲಿಸುವ ಕ್ರಮವೂ ಉಂಟು; ಆಗಿನ ಆಯಾಸವು ತೀವ್ರ, ಆದರೆ ತಾತ್ಕಾಲಿಕ. ಔಷಧ ಕೊಟ್ಟ ಬಳಿಕ ಕೆಲವು ದಿನ ರೋಗಿಯು ಮಕ್ಕಳಿಂದಲೂ ಗರ್ಭಿಣಿಯರಿಂದಲೂ ದೂರವಿರಬೇಕು. ಪಾತ್ರೆ, ಹಾಸಿಗೆಗಳೂ ಬೇರೆ. ಇದನ್ನು ಕಂಡು ಮೈಲಿಗೆಯೆಂದು ಭಾವಿಸುವವರಿದ್ದಾರೆ. ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಪಂಚಸೂತಕಗಳನ್ನೇ ನಿರಾಕರಿಸಿದ ಧರ್ಮದವರು ಆರನೆಯದೊಂದು ಸೂತಕವನ್ನು ಹುಟ್ಟಿಸುವುದು ಸಲ್ಲದು. ಆ ದೂರವು ಕಿರಣದ ದೆಸೆಯಿಂದ. ವೈದ್ಯರು ಹೇಳಿದ ದಿನಗಳು ಕಳೆದೊಡನೆ ರೋಗಿಯನ್ನು ಒಂದೇ ಪಂಕ್ತಿಯಲ್ಲಿ ಕುಳ್ಳಿರಿಸಿಕೊಳ್ಳತಕ್ಕದ್ದು.

ಕೊನೆಯದಾಗಿ ಮನೆಯವರ ಧರ್ಮ. ದಾಸೋಹವೆಂದರೆ ಜಂಗಮನಿಗೆ ಎಡೆಮಾಡುವುದಷ್ಟೇ ಅಲ್ಲ. ಬಳಲಿದವಳ ಕೈಯ ಕೊಡವನ್ನು ತಾನು ಹೊರುವುದು, ಕಾಣದ ನೋವನ್ನು ನಂಬುವುದು, ಪರೀಕ್ಷೆಯ ದಿನ ಜೊತೆಯಲ್ಲಿ ಹೋಗುವುದು ಇವೂ ದಾಸೋಹವೇ. ‘ನಾನು ಶರಣನೆಂತು?’ ಎಂಬ ಪ್ರಶ್ನೆಗೆ ಉತ್ತರವು ಇಷ್ಟೇ: ಅಳತೆಯರಿತು ಔಷಧ ಕೊಳ್ಳುವವನು, ಅಳತೆಯರಿತು ದುಡಿಯುವವನು, ಉಳಿದುದನ್ನು ಲಿಂಗಕ್ಕೆ ಅರ್ಪಿಸಿ ನಿಶ್ಚಿಂತನಾಗಿ ಮಲಗುವವನು ಶರಣನೇ. ಅಂಥವರ ಕಾಯಕ್ಕೂ ಮನಕ್ಕೂ ಪರಶಿವನು ಬಲವನ್ನೀಯಲಿ.