ರಾತ್ರಿ ಪಾಳಿ

ಕಾಯಿಲೆ ಬಿದ್ದ ಮಗುವಿನ ಪಕ್ಕದಲ್ಲಿ ತಾಯಿ ಕಣ್ಣು ಮುಚ್ಚದೆ ಕುಳಿತಿದ್ದಳು ಎಂಬುದು ನಮ್ಮಲ್ಲಿ ಹೊಗಳಿಕೆಯ ಮಾತು. ಅವಳು ನಿದ್ದೆ ಮಾಡಬಹುದೇ ಎಂದು ಯಾರೂ ಕೇಳುವುದಿಲ್ಲ. ಅದು ಕೇಳಬಾರದ ಪ್ರಶ್ನೆಯೆಂದು ನಾನೂ ಬಹಳ ಕಾಲ ತಿಳಿದಿದ್ದೆ.

ಕೆಮ್ಮಣ್ಣುಗುಂಡಿಯ ಬೆಟ್ಟದ ಬುಡದ ಊರಿನಲ್ಲಿ ನನ್ನ ವಿದ್ಯಾರ್ಥಿಯೊಬ್ಬನಿಗೆ ರಕ್ತದ ಕ್ಯಾನ್ಸರ್ ಆಯಿತು. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಲ್ಲಿ ಕೆಲವು ತಿಂಗಳು ಕಳೆದು, ಮಾತ್ರೆಗಳ ಗಂಟಿನೊಂದಿಗೆ ತಾಯಿ ಮಗ ಊರಿಗೆ ಮರಳಿದರು. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಈ ಬಗೆಯ ಕ್ಯಾನ್ಸರಿಗೆ ಚಿಕಿತ್ಸೆ ಎರಡು ಮೂರು ವರ್ಷ ನಡೆಯುತ್ತದೆ. ಔಷಧಿಯಿಂದ ಬಿಳಿ ರಕ್ತಕಣ ಇಳಿದಿರುವಾಗ ಜ್ವರ ಬಂದರೆ ಬೆಳಗಾಗಲಿ ಎಂದು ಕಾಯುವಂತಿಲ್ಲ, ಕೂಡಲೇ ಆಸ್ಪತ್ರೆಗೆ ಓಡಬೇಕು. ಸ್ಟಿರಾಯ್ಡ್ ಕೊಡುವ ದಿನಗಳಲ್ಲಂತೂ ಮಗು ನಡುರಾತ್ರಿ ಎದ್ದು ಹಸಿವೆಂದು ಅಳುತ್ತದೆ, ಸಿಡುಕುತ್ತದೆ. ಅವಳು ಗಂಟೆಗೊಮ್ಮೆ ಹಣೆ ಮುಟ್ಟಿ ನೋಡುತ್ತ ಕೂರುತ್ತಿದ್ದಳು. ಬೆಳಿಗ್ಗೆ ದುಡಿಯಬೇಕಲ್ಲ ಎಂದು ಗಂಡ ಒಳಗೆ ಮಲಗುತ್ತಿದ್ದ. ಬೆಳಿಗ್ಗೆ ಅವಳೂ ದುಡಿಯುತ್ತಿದ್ದಳೆಂಬುದು ಬೇರೆ ಮಾತು!

ಹೋದಾಗಲೆಲ್ಲ ನಾನು, "ತಾಯಿ ಅಂದ್ರೆ ನಿನ್ನ ಹಾಗಿರಬೇಕು ಕಣಮ್ಮ" ಎನ್ನುತ್ತಿದ್ದೆ. ಒಮ್ಮೆ ಹುಡುಗನಿಗೆ ಜ್ವರ ಬಂದು, ಶಿವಮೊಗ್ಗದಲ್ಲಿ ವಾರವಿದ್ದು ಮರಳಿದರು. ಅವನು ಗೆಲುವಾಗಿದ್ದ. ಅವಳು ನನ್ನನ್ನು ಕಂಡದ್ದೇ ಒಳಗೆ ಸರಿದಳು. ಆಮೇಲೆ ಅತ್ತು ಹೇಳಿದಳು: "ಅವತ್ತು ಎರಡು ಗಂಟೆ ಹೊತ್ತು ಮಲಗಿಬಿಟ್ಟಿದ್ದೆ ಟೀಚರೇ. ಎದ್ದು ನೋಡಿದ್ರೆ ಮೈ ಸುಡ್ತಿತ್ತು. ನಿಮಗೆ ಹೇಗೆ ಮುಖ ತೋರಿಸ್ಲಿ?"

ನನಗೇಕೆ? ನನ್ನ ಹೊಗಳಿಕೆ ಅವಳ ತಲೆಯ ಮೇಲೆ ಸಾಲವಾಗಿ ಕೂತಿತ್ತು.

ನಮ್ಮ ಅಜ್ಜಿಯರ ಕಾಲದ ಸಿಡುಬು, ವಿಷಮಶೀತ ಜ್ವರಗಳು ಕೆಲವು ವಾರಗಳಲ್ಲಿ ಏನೋ ಒಂದು ತೀರ್ಮಾನಕ್ಕೆ ಬರುತ್ತಿದ್ದವು. ಜಾಗರಣೆಗೆ ಒಂದು ಕೊನೆಯಿತ್ತು. ರಕ್ತದ ಕ್ಯಾನ್ಸರಾದ ಮಗುವೂ ಆಗ ಬಹಳ ದಿನ ಉಳಿಯುತ್ತಿರಲಿಲ್ಲ. ಔಷಧಿಯಿಂದ ಅದನ್ನು ತಾತ್ಕಾಲಿಕವಾಗಿಯಾದರೂ ಹಿಮ್ಮೆಟ್ಟಿಸಬಹುದೆಂದು ಬಾಸ್ಟನ್ನಿನ ವೈದ್ಯ ಸಿಡ್ನಿ ಫಾರ್ಬರ್ ಪ್ರಕಟಿಸಿದ್ದು 1948ರಲ್ಲಿ. ಇಂದು ಒಳ್ಳೆಯ ಚಿಕಿತ್ಸೆ ಸಿಕ್ಕಿದ ಮಕ್ಕಳಲ್ಲಿ ಹೆಚ್ಚಿನವರು ಗುಣವಾಗುತ್ತಾರೆ. ವೈದ್ಯವಿದ್ಯೆ ಮಗುವಿನ ಆಯುಸ್ಸನ್ನು ಬೆಳೆಸಿತು. ಜೊತೆಗೆ ತಾಯಿಯ ಜಾಗರಣೆಯನ್ನೂ ವರ್ಷಗಟ್ಟಲೆ ಬೆಳೆಸಿತು. ನಮ್ಮ ಆದರ್ಶ ಮಾತ್ರ ಹಳೆಯದೇ. ತಿಂಗಳುಗಟ್ಟಲೆ ನಿದ್ದೆಯಿಲ್ಲದ ಮನಸ್ಸು ಕುಸಿಯುತ್ತದೆ. ಅವಳು ಮಾತು ಬಿಟ್ಟು ಕೂತರೆ ನಾವು ಅದನ್ನು ತಾಳ್ಮೆ ಎಂದುಕೊಳ್ಳುತ್ತೇವೆ; ಅದು ಖಿನ್ನತೆ ಇದ್ದೀತು.

ನಮ್ಮ ಬೆಟ್ಟದ ಅದಿರು ರೋಪ್‌ವೇಯಲ್ಲಿ ಇಳಿದು ಭದ್ರಾವತಿಗೆ ಹೋಗುತ್ತಿದ್ದ ಕಾಲವಿತ್ತು. ಅಲ್ಲಿ 1923ರಲ್ಲಿ ಹೊತ್ತಿಸಿದ ಊದುಕುಲುಮೆಯನ್ನು ರಾತ್ರಿಯೆಂದು ಆರಿಸುವಂತಿರಲಿಲ್ಲ. ಹಾಗೆಂದು ಒಬ್ಬನನ್ನೇ ಅದರ ಮುಂದೆ ನಿಲ್ಲಿಸಿರಲಿಲ್ಲ, ಪಾಳಿಯಿತ್ತು. ಪಾಳಿ ಮುಗಿಸಿ ಮನೆಗೆ ಹೋಗಿ ಮಲಗಿದವನನ್ನು ಯಾರೂ ಕಬ್ಬಿಣದ ದ್ರೋಹಿ ಎನ್ನಲಿಲ್ಲ. ಒಬ್ಬಳನ್ನೇ ಕೂರಿಸಿ "ಎಂಥಾ ತಾಯಿ" ಎಂದು ಹೊಗಳುವುದು, ನಮ್ಮ ಪಾಳಿಯನ್ನು ತಪ್ಪಿಸಿಕೊಳ್ಳುವ ಸುಲಭದ ದಾರಿಯೇ ಇರಬೇಕು. ನಾನು ಮಾಡಿದ್ದಂತೂ ಅದನ್ನೇ.

ಆ ಶನಿವಾರ ರಾತ್ರಿ ಕಂಬಳಿ ಹಿಡಿದು ಅವಳ ಮನೆಗೆ ಹೋದೆ. ಥರ್ಮಾಮೀಟರ್ ನೋಡುವುದನ್ನು ನನಗೇ ಎರಡು ಸಲ ಹೇಳಿಕೊಟ್ಟಳು. "ಏನಾದ್ರೂ ಆದ್ರೆ ಎಬ್ಬಿಸ್ತೀರಲ್ಲ?" ಎಂದು ಮೂರು ಸಲ ಕೇಳಿದಳು. ಹನ್ನೆರಡರವರೆಗೂ ಹೊರಳಾಡಿದಳು. ಎರಡು ಗಂಟೆಗೆ ಹುಡುಗ ಎದ್ದು ಅನ್ನ ಕೇಳಿದ. ಸಾರು ಬಿಸಿ ಮಾಡಿ ಕಲಸಿ ಕೊಟ್ಟೆ. ಉಪ್ಪು ಕಡಿಮೆಯೆಂದು ಗಟ್ಟಿಯಾಗಿಯೇ ಜಗಳ ತೆಗೆದ. ಅವಳಿಗೆ ಎಚ್ಚರವಾಗಲಿಲ್ಲ.