ಕಂಬ ಯಾರದು?

ಬಾಂದ್ರಾದ ಲಿಂಕಿಂಗ್ ರೋಡಿನಲ್ಲಾಗಲಿ ಹಿಲ್ ರೋಡಿನಲ್ಲಾಗಲಿ ಆಗಾಗ ಓಡಾಡುವವರಿಗೆ ಒಂದು ನೋಟ ಚೆನ್ನಾಗಿ ಪರಿಚಿತ. ನಿನ್ನೆಯವರೆಗೆ ಬಟ್ಟೆಯಂಗಡಿಯೋ ಬ್ಯಾಂಕೋ ಇದ್ದ ಕೆಳಮಹಡಿಗೆ ಒಂದು ದಿನ ತಗಡಿನ ಮರೆ ಬೀಳುತ್ತದೆ. ಒಳಗಿನಿಂದ ಸುತ್ತಿಗೆಯ ಸದ್ದು. ಹೊರಗೆ ಗೋಣಿಚೀಲಗಳಲ್ಲಿ ಒಡೆದ ಇಟ್ಟಿಗೆ, ಗಾರೆ. ಎರಡು ಮೂರು ತಿಂಗಳಾದ ಮೇಲೆ ಮರೆ ಸರಿದಾಗ ಗುರುತೇ ಸಿಗದಷ್ಟು ಹೊಸ ರೂಪ. ಮುಂಭಾಗದಲ್ಲಿ ಗಾಜು, ದೀಪ, ಅಮೃತಶಿಲೆಗಳ ಶೋರೂಮು; ಹಿಂಭಾಗದಲ್ಲಿ ಕಂಪೆನಿಯ ತಂಪಾದ ಆಫೀಸು. ಬಾಗಿಲಿಗೆ ಗೊಂಡೆಹೂವಿನ ತೋರಣ, ಬಂದವರಿಗೆ ಪೇಢೆ. ತಲೆಯೆತ್ತಿ ನೋಡಿದರೆ ಮಾತ್ರ ಮೇಲಿನ ಮಹಡಿಗಳು ಇದ್ದಂತೆಯೇ ಇವೆ: ಬಣ್ಣ ಹೋದ ಬಾಲ್ಕನಿ, ಒಣಗಲು ಹಾಕಿದ ಸೀರೆ, ತುಳಸಿಯ ಕುಂಡ.

ಕೆಳಗಿನ ಈ ಹೊಸತಿಗೂ ಮೇಲಿನ ಆ ಹಳತಿಗೂ ಏನು ಸಂಬಂಧ? ಇದನ್ನು ಇಂಜಿನಿಯರರಿಗೆ ಬಿಟ್ಟ ಪ್ರಶ್ನೆ ಎಂದು ನಾವು ಸುಮ್ಮನಿರುತ್ತೇವೆ. ನನ್ನ ಮಟ್ಟಿಗೆ ಇದು ಮೊದಲು ನೀತಿಯ ಪ್ರಶ್ನೆ, ಆಮೇಲೆ ಇಂಜಿನಿಯರಿಂಗಿನದು.

ನವೀಕರಣವೇ ಕೆಟ್ಟದ್ದೆಂದು ಯಾರೂ ಹೇಳಲಾರರು. ಸಮುದ್ರದ ಗಾಳಿಯಲ್ಲಿ ನಿಂತ ಕಟ್ಟಡ ದುರಸ್ತಿಯಿಲ್ಲದೆ ಬಾಳದು. ಹಳೆಯದನ್ನು ಕೆಡವಿ ಹೊಸದನ್ನು ಕಟ್ಟುವುದಕ್ಕಿಂತ ಇದ್ದುದನ್ನೇ ಸರಿಪಡಿಸಿ ಬಳಸುವುದು ಮಿತವ್ಯಯದ, ವಿವೇಕದ ಮಾರ್ಗ. ಹೊಸ ಆಫೀಸು ಬಂದರೆ ನಾಲ್ಕು ಜನರಿಗೆ ಕೆಲಸ ಸಿಗುತ್ತದೆ. ಎಷ್ಟೋ ಸೊಸಾಯಿಟಿಗಳಲ್ಲಿ ಖರ್ಚಿನ ದೊಡ್ಡ ಪಾಲು ಬರುವುದೇ ಕೆಳಗಿನ ಅಂಗಡಿಗಳಿಂದ. ಆದ್ದರಿಂದ ವ್ಯಾಪಾರಿಯನ್ನು ಖಳನಾಯಕನನ್ನಾಗಿ ಮಾಡಿ ಲೇಖನ ಬರೆಯುವುದು ಸುಲಭ, ಆದರೆ ಅದು ನ್ಯಾಯವಲ್ಲ.

ತೊಡಕು ಬರುವುದು ಬೇರೆ ಕಡೆ. ಮನೆಗಳಿಗೆಂದು ಎಬ್ಬಿಸಿದ ಕಟ್ಟಡದಲ್ಲಿ ಕಂಬಗಳು ಹತ್ತಿರ ಹತ್ತಿರ ಇರುತ್ತವೆ. ಶೋರೂಮಿಗೆ ಬೇಕಾದುದು ಬಯಲಿನಂಥ ಅಂಗಳ. ಗಿರಾಕಿಯ ಕಣ್ಣು ಬಾಗಿಲಿನಿಂದ ಕೊನೆಯ ಗೋಡೆಯವರೆಗೆ ತಡೆಯಿಲ್ಲದೆ ಹರಿಯಬೇಕು. ನಡುವೆ ನಿಂತ ಕಂಬ ಕಣ್ಣಿಗೂ ಅಡ್ಡ, ಚದರಡಿಯ ಲೆಕ್ಕಕ್ಕೂ ಅಡ್ಡ. ಆಗ ಯಾರೋ ಒಬ್ಬರು ಹೇಳುತ್ತಾರೆ: 'ಇದನ್ನು ಸ್ವಲ್ಪ ಕೆತ್ತಿದರಾಗದೆ? ತೆಗೆದೇಬಿಟ್ಟು ಮೇಲೊಂದು ಕಬ್ಬಿಣದ ತೊಲೆ ಕೊಟ್ಟರೆ ಸಾಲದೆ?'

ವಿಜ್ಞಾನದ ವಿದ್ಯಾರ್ಥಿಯಾಗಿದ್ದವನಿಗೆ ಇಲ್ಲಿ ಎರಡು ಮಾತು ನೆನಪಾಗುತ್ತವೆ. ಎರಡು ತುದಿಗಳ ಮೇಲೆ ಕೂತು, ಉದ್ದಕ್ಕೂ ಸಮನಾದ ಭಾರ ಹೊತ್ತ ತೊಲೆಯ ಅಂತರ ಎರಡು ಪಟ್ಟಾದರೆ ಅದನ್ನು ಬಾಗಿಸುವ ಒತ್ತಡ ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತದೆ. ತೊಲೆ ಜೋಲುವ ಪ್ರಮಾಣವಂತೂ ಹದಿನಾರು ಪಟ್ಟು. ಇದು ಮೊದಲನೆಯದು. ಎರಡನೆಯದು ಇನ್ನೂ ಸೂಕ್ಷ್ಮ. ಕಾಂಕ್ರೀಟು ಒತ್ತುವಿಕೆಯನ್ನು ತಾಳಿಕೊಳ್ಳುತ್ತದೆ, ಎಳೆತವನ್ನು ತಾಳಲಾರದು. ಆದ್ದರಿಂದ ಎಳೆತ ಬೀಳುವ ಕಡೆಯಲ್ಲಿ ಉಕ್ಕಿನ ಸರಳು ಹಾಕುತ್ತಾರೆ. ಕಂಬಗಳ ಮೇಲೆ ಉದ್ದಕ್ಕೂ ಹಾಯ್ದ ತೊಲೆಯಲ್ಲಿ, ಕಂಬದ ನೆತ್ತಿಯ ಜಾಗದಲ್ಲಿ ಎಳೆತ ಬೀಳುವುದು ಮೇಲ್ಭಾಗಕ್ಕೆ. ಮುಖ್ಯ ಸರಳುಗಳು ಅಲ್ಲಿರುತ್ತವೆ. ಕಂಬ ತೆಗೆದ ಕ್ಷಣದಿಂದ ಅದೇ ಜಾಗ ಕೆಳಗೆ ಜೋಲತೊಡಗುತ್ತದೆ, ಎಳೆತ ಕೆಳಭಾಗಕ್ಕೆ ಬರುತ್ತದೆ. ಅಲ್ಲಿ ಸಾಕಷ್ಟು ಸರಳುಗಳೇ ಇಲ್ಲ! ಆಧಾರ ಇದ್ದೇ ಇರುತ್ತದೆಂದು ನಂಬಿ ಮಾಡಿದ ವ್ಯವಸ್ಥೆ ಆಧಾರ ಹೋದೊಡನೆ ನಿರುಪಯೋಗವಾಗುತ್ತದೆ. ಕಟ್ಟಡವೂ ಒಂದು ಅರ್ಥದಲ್ಲಿ ವಿಶ್ವಾಸದ ಮೇಲೆಯೇ ನಿಂತಿದೆ.

ಇದರ ಮೇಲೆ ಬಾಂದ್ರಾದಂಥ ಕಡಲಂಚಿನಲ್ಲಿ ಉಪ್ಪಿನ ಗಾಳಿ. ತುಕ್ಕು ಹಿಡಿದ ಕಬ್ಬಿಣ ಉಬ್ಬಿ ತನ್ನನ್ನು ಮುಚ್ಚಿಕೊಂಡಿರುವ ಕಾಂಕ್ರೀಟನ್ನೇ ಒಡೆಯುತ್ತದೆ. ಬಿರುಕು ಕಾಣಿಸಿಕೊಳ್ಳುವುದು ಕಟ್ಟಡ ನಮಗೆ ಕೊಡುವ ನೋಟೀಸು. ಆದರೆ ಶೋರೂಮಿನಲ್ಲಿ ಬಿರುಕಿನ ಕೆಳಗೆ ಪ್ಲಾಸ್ಟರಿನ ಸುಳ್ಳು ಛಾವಣಿ, ಕಂಬದ ಸುತ್ತ ಕನ್ನಡಿ. ನೋಟೀಸು ಬಂದರೂ ಓದುವವರಿಲ್ಲ.

ಇದು ಬರಿಯ ಲೆಕ್ಕದ ಮಾತಲ್ಲವೆಂದು ಮುಂಬಯಿ ಮೂರು ಸಲ ಕಂಡಿದೆ. 2007ರ ಜುಲೈ 18ರಂದು ಬೋರಿವಲಿಯ ಲಕ್ಷ್ಮೀಛಾಯಾ ಎಂಬ ಏಳು ಮಹಡಿಯ ಕಟ್ಟಡ ಕುಸಿದು ಸುಮಾರು 30 ಜನ ತೀರಿಕೊಂಡರು. ಕೆಳಗಿನ ಆಭರಣದಂಗಡಿಯ ನವೀಕರಣದಲ್ಲಿ ಕಂಬಗಳಿಗೆ ಕೈ ಹಾಕಿದ್ದರೆಂಬ ಆರೋಪ ಬಂತು. 2013ರ ಸೆಪ್ಟೆಂಬರ್ 27ರ ಬೆಳಗಿನಲ್ಲಿ ಡಾಕ್‌ಯಾರ್ಡ್ ರೋಡಿನ ಬಳಿ ಮಹಾನಗರಪಾಲಿಕೆಯದೇ ಕಟ್ಟಡ ಬಿತ್ತು. ಪಾಲಿಕೆಯ ನೌಕರರ ಕುಟುಂಬಗಳು ವಾಸವಾಗಿದ್ದ ಅಲ್ಲಿ 61 ಜನ ಅಸುನೀಗಿದರು. ನೆಲಮಹಡಿಯ ಗೋದಾಮಿನಲ್ಲಿ ಅನುಮತಿಯಿಲ್ಲದೆ ಬದಲಾವಣೆ ಮಾಡಿಸಿದನೆಂದು ಅಲ್ಲಿನ ವ್ಯಾಪಾರಿಯನ್ನು ಪೋಲೀಸರು ಬಂಧಿಸಿದರು. ಪಾಲಿಕೆಯ ಕೆಲವರು ಅಧಿಕಾರಿಗಳೂ ಸೆರೆಯಾದರು. 2017ರ ಜುಲೈ 25ರಂದು ಘಾಟಕೋಪರದ ಸಿದ್ಧಿಸಾಯಿ ಕಟ್ಟಡದಲ್ಲಿ 17 ಸಾವು. ಅಲ್ಲಿಯೂ ನೆಲಮಹಡಿಯ ನರ್ಸಿಂಗ್ ಹೋಮಿನ ಜಾಗದಲ್ಲಿ ನವೀಕರಣ ನಡೆದಿತ್ತು. ಊರು ಬೇರೆ, ವರ್ಷ ಬೇರೆ, ಕಥೆ ಒಂದೇ: ಕೆಳಗಿನವರು ಜಾಗವನ್ನು ತಮಗೆ ಬೇಕಾದಂತೆ ಮಾಡಿಕೊಂಡರೆಂಬ ಆರೋಪ, ಮೇಲಿನವರ ಸಾವು.

ಹಾಗಾದರೆ ಕಂಬ ಯಾರದು? ದಸ್ತಾವೇಜಿನಲ್ಲಿ ನೋಡಿದರೆ ಅದು ಅಂಗಡಿಯ ನಾಲ್ಕು ಗೋಡೆಗಳ ಒಳಗೇ ಇದೆ. ಅದರ ಮೇಲೆ ಬಣ್ಣ ಬಳಿಯುವವನು, ಕನ್ನಡಿ ಹಚ್ಚುವವನು ಅಂಗಡಿಯವನೇ. ಆದರೆ ಅದು ಹೊತ್ತಿರುವುದೇನನ್ನು? ಮೂರನೆಯ ಮಹಡಿಯಲ್ಲಿ ಮಲಗಿರುವ ಮುದುಕಿಯ ಮಂಚವನ್ನು, ನಾಲ್ಕನೆಯ ಮಹಡಿಯ ಹುಡುಗನ ಓದುವ ಮೇಜನ್ನು. ನಮ್ಮ ಊರುಗಳಲ್ಲಿ ಎರಡು ಮನೆಗಳ ನಡುವೆ ಒಂದೇ ಗೋಡೆಯಿದ್ದರೆ, ಪಕ್ಕದವರಿಗೆ ಒಂದು ಮಾತು ಹೇಳದೆ ಅದಕ್ಕೆ ತೊಲೆ ತೂರಿಸುತ್ತಿರಲಿಲ್ಲ. ಮುಂಬಯಿಯಲ್ಲಿ ಪಕ್ಕದ ಮನೆ ತಲೆಯ ಮೇಲೆ ಬಂತು. ಆ ಹಳೆಯ ಮರ್ಯಾದೆ ಮಾತ್ರ ಮೇಲಕ್ಕೆ ಏರಲಿಲ್ಲ. ಒಡೆತನವೆಂಬುದು ಅಡ್ಡಡ್ಡಲಾಗಿ, ಮಹಡಿ ಮಹಡಿಯಾಗಿ ಹಂಚಿಹೋಗಿದೆ. ಭಾರ ಮಾತ್ರ ನೆಟ್ಟಗೆ ನೆಲಕ್ಕೆ ಇಳಿಯುತ್ತದೆ. ಈ ಎರಡೂ ಸಂಧಿಸುವ ಜಾಗವೇ ಕಂಬ. ಜಾಗ ನನ್ನದಾಗಿದ್ದರೂ ಅದರ ಕೆಲಸ ಇನ್ನೊಬ್ಬನದು. ಇಂಥ ವಸ್ತುವಿಗೆ ನಾನು ಯಜಮಾನನಲ್ಲ; ಕಾವಲುಗಾರ.

'ಕಾಯಿದೆಯಿದೆಯಲ್ಲ, ಅದು ನೋಡಿಕೊಳ್ಳುತ್ತದೆ' ಎನ್ನುವವರಿದ್ದಾರೆ. ಕಾಯಿದೆ ಇದೆ, ನಿಜ. ಬಣ್ಣ, ಗಾರೆ, ನೆಲಹಾಸುಗಳಿಗೆ ಪಾಲಿಕೆಯ ಅಪ್ಪಣೆ ಬೇಡ. ಕಂಬ, ತೊಲೆ, ಭಾರ ಹೊತ್ತ ಗೋಡೆಗಳನ್ನು ಮುಟ್ಟುವುದಾದರೆ ಬೇಕು. 30 ವರ್ಷ ದಾಟಿದ ಕಟ್ಟಡಗಳ ದೃಢತೆಯನ್ನು ತಜ್ಞರಿಂದ ಪರೀಕ್ಷಿಸಬೇಕೆಂಬ ನಿಯಮವೂ ಇದೆ. ಆದರೆ ಕಾಗದಗಳ ನಡುವೆಯೇ ದಿನ ಕಳೆಯುವ ನಮ್ಮಂಥ ಗುಮಾಸ್ತರಿಗೆ ಗೊತ್ತು: ಕಾಗದ ನೋಡುವುದು ಕಾಗದವನ್ನು ಮಾತ್ರ. 'ಆಕ್ಷೇಪಣೆ ಇಲ್ಲ' ಎಂಬ ಪತ್ರಕ್ಕೆ ಸಹಿ ಹಾಕುವವರಲ್ಲಿ ಎಷ್ಟು ಜನ ಕೆಳಗಿಳಿದು ಹೋಗಿ ಸುತ್ತಿಗೆ ಎಲ್ಲಿ ಬೀಳುತ್ತಿದೆಯೆಂದು ನೋಡಿದ್ದಾರೆ? ಸಹಿ ಹಾಕಿದ ಕೈ ಬೇರೆ, ಸುತ್ತಿಗೆ ಹಿಡಿದ ಕೈ ಬೇರೆ, ಹಣ ಕೊಟ್ಟ ಕೈ ಬೇರೆ. ಹೊಣೆ ಹೀಗೆ ಮೂರು ಕೈಗಳಲ್ಲಿ ಹಂಚಿಹೋದಾಗ ಯಾರಿಗೂ ಅದರ ತೂಕ ಗೊತ್ತಾಗುವುದಿಲ್ಲ. ಕಟ್ಟಡದ ಭಾರಕ್ಕಿರುವ ಪ್ರಾಮಾಣಿಕತೆ ಮನುಷ್ಯನ ಹೊಣೆಗಿಲ್ಲ. ಭಾರ ಎಲ್ಲಿಗೆ ಇಳಿಯಬೇಕೋ ಅಲ್ಲಿಗೇ ಇಳಿಯುತ್ತದೆ.

ಕಾಲದ ಪ್ರಶ್ನೆಯೂ ಒಂದಿದೆ. ಕೋಟೆ ಭಾಗದಲ್ಲಿ, ಹುತಾತ್ಮ ಚೌಕದ ಬಳಿ ಇಸ್ಮಾಯಿಲ್ ಬಿಲ್ಡಿಂಗ್ ಎಂಬ ನೂರು ವರ್ಷ ದಾಟಿದ ಕಲ್ಲಿನ ಕಟ್ಟಡವಿದೆ. ಸ್ಪೇನ್ ದೇಶದ ಜಾರಾ ಕಂಪೆನಿ ಅದರಲ್ಲಿ 2017ರಲ್ಲಿ ದೊಡ್ಡ ಉಡುಪಿನ ಮಳಿಗೆ ತೆರೆಯಿತು. 2025ರ ಫೆಬ್ರುವರಿಯಲ್ಲಿ ಮುಚ್ಚಿತು. ಎಂಟು ವರ್ಷವೂ ತುಂಬಲಿಲ್ಲ. ಪಾರಂಪರಿಕ ಕಟ್ಟಡಗಳ ರಕ್ಷಣೆಗೆ 1995ರಿಂದ ಮುಂಬಯಿಯಲ್ಲಿ ನಿಯಮಗಳಿರುವುದರಿಂದ ಇಂಥ ಕಟ್ಟಡಗಳ ಮುಖಕ್ಕೆ ಸುಲಭವಾಗಿ ಯಾರೂ ಕೈ ಹಚ್ಚುವಂತಿಲ್ಲ. ಕಂಪೆನಿ ಹೋಯಿತು, ಇನ್ನೊಂದು ಬಂದೀತು, ಕಟ್ಟಡ ನಿಂತಿದೆ. ವ್ಯಾಪಾರದ ಆಯುಷ್ಯ ಲೀಸಿನಷ್ಟು. ಕಟ್ಟಡದ ಆಯುಷ್ಯ ಎರಡು ಮೂರು ತಲೆಮಾರಿನಷ್ಟು. ಐದು ವರ್ಷಕ್ಕೆ ಬಂದವನು ಐವತ್ತು ವರ್ಷ ಇರುವವರ ನೆಲೆಯನ್ನು ತಿದ್ದುವಾಗ ಕೈ ಹಗುರವಾಗಿರಬೇಕು. ಕೋಟೆಯ ಕಟ್ಟಡಗಳ ಚೆಲುವನ್ನು ಕಾಯಲು ಇಷ್ಟು ಶ್ರದ್ಧೆ ತೋರಿದ ನಗರ, ಬಾಂದ್ರಾ ಬೋರಿವಲಿಗಳ ಹೆಸರಿಲ್ಲದ ಕಟ್ಟಡಗಳ ಕಂಬಗಳ ಬಗೆಗೂ ಅಷ್ಟೇ ಶ್ರದ್ಧೆ ತೋರಬೇಡವೆ? ಮುಖಕ್ಕಿಂತ ಮೂಳೆ ಕಡಿಮೆಯದೆ?

'ಕೆರೆಗೆ ಹಾರ' ನಮಗೆಲ್ಲ ಗೊತ್ತಿರುವ ಜನಪದ ಕಥನಗೀತೆ. ಕಟ್ಟಿಸಿದ ಕೆರೆಗೆ ನೀರು ಬಾರದಾಗ ಕಿರಿಯ ಸೊಸೆ ಭಾಗೀರಥಿಯನ್ನು ಬಲಿಕೊಡುತ್ತಾರೆ. ಅದು ಅನ್ಯಾಯವೇ ಸರಿ. ಆದರೂ ಆ ಕಥೆಯಲ್ಲಿ ಯಾರನ್ನು ಬಲಿಕೊಡುತ್ತಿದ್ದೇವೆಂಬುದು ಮನೆಯವರಿಗೆ ಗೊತ್ತಿತ್ತು, ಭಾಗೀರಥಿಗೂ ತಿಳಿಯಿತು, ಗಂಡ ದುಃಖ ತಾಳದೆ ಅದೇ ಕೆರೆಗೆ ಹಾರಿದ. ನಮ್ಮ ಕಾಲದ ಬಲಿಗೆ ಹೆಸರೂ ಇಲ್ಲ, ಮುಖವೂ ಇಲ್ಲ. ಕೆಳಗೆ ಸುತ್ತಿಗೆ ಹಾಕಿಸುವವನು ಮೇಲೆ ಯಾರಿದ್ದಾರೆಂದು ಕೇಳಿಯೇ ಇರುವುದಿಲ್ಲ. ಕೇಡು ಬಯಸಿದವನಲ್ಲ ಅವನು, ನೆನಪಿಸಿಕೊಳ್ಳದವನು. ಪುರಾಣದ ರಾಕ್ಷಸನಿಗಿಂತ ಈ ಮರೆವಿನ ಸಜ್ಜನನಿಂದ ನಗರಕ್ಕೆ ಅಪಾಯ ಹೆಚ್ಚು.

ಈ ಮಾತು ನಮ್ಮವರಿಗೂ ಅನ್ವಯಿಸುತ್ತದೆ. ಮುಂಬಯಿಯ ಎಷ್ಟೋ ಕಟ್ಟಡಗಳ ಕೆಳಮಹಡಿಯಲ್ಲಿ ಹೋಟೆಲು ನಡೆಸಿ ಬಾಳು ಕಟ್ಟಿಕೊಂಡವರು ಕನ್ನಡಿಗರು, ತುಳುವರು. ಅದೇ ಕಟ್ಟಡಗಳ ಎರಡನೆಯ, ಮೂರನೆಯ ಮಹಡಿಗಳಲ್ಲಿ ಬಾಳುತ್ತಿರುವವರೂ ನಮ್ಮವರೇ. ಹೋಟೆಲು ಹೊಸದಾಗುವಾಗ ಅಟ್ಟ ಹಾಕುವುದು, ಅಡುಗೆಮನೆ ಹಿಂದಕ್ಕೆ ಸರಿಸುವುದು, ನೀರಿನ ತೊಟ್ಟಿ ಮೇಲೇರಿಸುವುದು ವಾಡಿಕೆ. ಕೆಲಸ ಶುರುವಾಗುವ ಮೊದಲು ನಕ್ಷೆಯನ್ನು ಮೇಲಿನವರಿಗೂ ತೋರಿಸುವುದು, ಕಂಬಗಳನ್ನು ಕನ್ನಡಿಯಿಂದ ಮುಚ್ಚದೆ ಪರೀಕ್ಷೆಗೆ ತೆರೆದಿಡುವುದು, ಸೊಸಾಯಿಟಿ ತನ್ನ ಖರ್ಚಿನಲ್ಲಿ ತಾನೇ ಆರಿಸಿದ ಇಂಜಿನಿಯರನಿಂದ ನೋಡಿಸುವುದು — ಇವು ದೊಡ್ಡ ತ್ಯಾಗಗಳೇನೂ ಅಲ್ಲ. ಮೇಲಿನವರೂ ಸದ್ದಿನ ಬಗ್ಗೆ ಜಗಳ ತೆಗೆಯುವ ಬದಲು ಸುತ್ತಿಗೆ ಏನನ್ನು ಒಡೆಯುತ್ತಿದೆಯೆಂದು ವಿಚಾರಿಸುವುದು ಒಳಿತು. ಗೌಂಡಿ ಕೆಲಸದವನ ಮಾತಿಗೂ ಕಿವಿಗೊಡಬೇಕು. 'ಸಾಹೇಬ್, ಇದನ್ನು ಮುಟ್ಟಬಾರದು' ಎಂದು ಮೊದಲು ತಿಳಿಯುವುದು ಅವನ ಕೈಗೆ. ಆದರೆ ಅವನನ್ನು ಕೇಳುವವರು ಯಾರು?

ನಗರದ ಬಾಳು ಎಂದರೆ ಒಬ್ಬರ ತಲೆಯ ಮೇಲೆ ಒಬ್ಬರು ಬಾಳುವುದು. ನಾನು ಹೊತ್ತವನು ನನಗೆ ಕಾಣುವುದಿಲ್ಲ, ನನ್ನನ್ನು ಹೊತ್ತವನು ನನಗೆ ಕಾಣುವುದಿಲ್ಲ. ಶೋರೂಮು ಅಂದವಾಗಿರಲಿ, ಆಫೀಸು ಹಸನಾಗಿರಲಿ, ವ್ಯಾಪಾರ ಬೆಳೆಯಲಿ. ನಡುವೆ ಒಂದು ಕಂಬ ನಿಂತು ಗಿರಾಕಿಯ ಕಣ್ಣಿಗೆ ಒಂದಿಷ್ಟು ಅಡ್ಡವಾದರೆ ಆಗಲಿ. ಮೇಲೆ ಜನ ಇದ್ದಾರೆಂದು ನೆನಪಿಸುವುದಕ್ಕಾದರೂ ಅದು ಅಲ್ಲಿರಲಿ.